ಎರಡನೆಯ ಗುರುತುನೀರು

ಗದಗ, ಫೆಬ್ರವರಿ ೩೦, ೨೩೯೧

ಹಿಂದಿನ ಕಾಲದ ಪ್ರಯೋಗಾಲಯದವರಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿ ಬಹಳ ಕಾಲವಾಯಿತು. ನಿಮ್ಮ ಕನ್ನಡವನ್ನು ಪರಭಾಷೆಯಂತೆ ಕಲಿತು ಬರೆಯುತ್ತಿದ್ದೇನೆ. ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಈ ಪತ್ರ ಬರುವುದು ಹಿಂಗಾಳಿ ಅಂಚೆಯಲ್ಲಿ. ಅದರಲ್ಲಿ ಹಿಂದಿನ ಕಾಲಕ್ಕೆ ಅಕ್ಷರ ಮಾತ್ರ ಹೋಗುತ್ತದೆ, ವಸ್ತು ಹೋಗದು. ನಿಮ್ಮ ಉತ್ತರ ಬರುವ ದಾರಿಯೂ ಇಲ್ಲ. ಹಾಗಾಗಿ ಯೋಗಕ್ಷೇಮ ಕೇಳುವ ಶಾಸ್ತ್ರವನ್ನು ಬಿಟ್ಟಿದ್ದೇನೆ.

ನಾನು ಗುರುಬಾಯಿ ಮುಳಗುಂದ, ಇಲ್ಲಿನ ಗುರುತುಮನೆಯ ಮೇಲ್ವಿಚಾರಕಿ. ನೀವು ಆಂಟಿಬಾಡಿ ಎನ್ನುವುದನ್ನು ನಾವು ಗುರುತುನೀರು ಎನ್ನುತ್ತೇವೆ. ರಕ್ತದ ಕಾವಲು ಕೋಶಗಳ ಮೈಮೇಲೆ ಗ್ರಾಹಕಗಳು, ಅಂದರೆ ಹೊರಗಿನ ಸುಳಿವು ಹಿಡಿಯುವ ಕೊಂಡಿಗಳು, ಇರುತ್ತವೆ. ಒಂದೊಂದು ಗ್ರಾಹಕಕ್ಕೆ ಒಂದೊಂದು ನೀರು. ಹನಿ ಹಾಕಿದರೆ ಅದು ತನ್ನ ಗ್ರಾಹಕವನ್ನು ಹುಡುಕಿ, ಅಂಟಿಕೊಂಡು ಹೊಳೆಯುತ್ತದೆ. ನೀವು ಸೇದಿ ಕೆಮ್ಮಿದ ಹೊಗೆಸೊಪ್ಪಿನ ಗಿಡದಲ್ಲೇ ನಾವು ಇದನ್ನು ಬೆಳೆಯುತ್ತೇವೆ. ಬಿಸಿಲೇರುವ ಮುಂಚೆ ಎಲೆ ಕೊಯ್ದು, ರಸ ಹಿಂಡಿ, ಸೋಸಿ ತಂಪಿನಲ್ಲಿಡುತ್ತೇವೆ. ಹೊಸ ನೀರನ್ನು ಮೊದಲು ಗುರುತುಮನೆಯವರ ರಕ್ತದ ಮೇಲೆಯೇ ಪರೀಕ್ಷಿಸುವುದು ಪದ್ಧತಿ. ಆ ದಿನ ಅಣ್ಣ, ತಮ್ಮ, ಸೊಸೆ, ಅಳಿಯ ಎಲ್ಲರೂ ಸಾಲಾಗಿ ಬೆರಳು ಚುಚ್ಚಿಸಿಕೊಂಡು, ಆಮೇಲೆ ಗೋಧಿ ಹುಗ್ಗಿ ಉಣ್ಣುತ್ತೇವೆ. ಹೆಣ್ಣು ಕೊಡುವುದು, ತರುವುದು ಕೂಡ ನಮ್ಮನಮ್ಮಲ್ಲೇ. ಹೀಗೆ ತಲೆಮಾರುಗಟ್ಟಲೆ ನಮ್ಮದೇ ರಕ್ತ ನೋಡಿ, ಲೋಕದ ರಕ್ತವೆಲ್ಲ ಹೀಗೇ ಎಂದು ನಂಬಿಬಿಟ್ಟೆವು.

ಈಗ ಹೊನ್ನಿಯ ವಿಷಯ. ಕೂಸಿಗೆ ನಾಲ್ಕು ವರ್ಷ. ತಾಯಿ ಫಕೀರವ್ವ ಗಾಳಿಯಂತ್ರಗಳ ರಿಪೇರಿ ಮಾಡುವವಳು. ಅವರ ಮನೆತನ ಕಡಲಾಚೆಯಿಂದ ಬಂದದ್ದು. ಶಾಲೆಗೆ ಸೇರಿಸುವ ಮುಂಚಿನ ಪರೀಕ್ಷೆಯಲ್ಲಿ ಹೊನ್ನಿಯ ಸಹಾಯಕ ಕೋಶಗಳು, ಅಂದರೆ ಉಳಿದ ಕಾವಲುಗಾರರನ್ನು ಎಬ್ಬಿಸುವ ಕೋಶಗಳು, ಒಂದೂ ಹೊಳೆಯಲಿಲ್ಲ. ಆ ಕೋಶಗಳೇ ಇಲ್ಲ, ಸಣ್ಣ ಸೋಂಕೂ ಕೊಂದೀತು ಎಂದು ಡಾಕ್ಟರ್ ಸೋಮನಕಟ್ಟಿ ಅವಳನ್ನು ಗಾಜಿನ ಕೋಣೆಯಲ್ಲಿಟ್ಟರು. ನಾಡಿದ್ದು ಅವಳ ಮೂಳೆಯ ಮಜ್ಜೆಯನ್ನು ಔಷಧಿಯಿಂದ ಸುಟ್ಟು, ಬೇರೆಯವರದನ್ನು ತುಂಬುತ್ತಾರೆ. ಆ ಚಿಕಿತ್ಸೆಯಲ್ಲಿ ಬದುಕಿದ ಮಕ್ಕಳಿದ್ದಾರೆ, ಸತ್ತವರೂ ಇದ್ದಾರೆ.

ಫಕೀರವ್ವ ನನ್ನ ಬಾಗಿಲಿಗೆ ಬಂದು ಕೂಗಾಡಿದಳು: “ಅಕ್ಕಾರ, ನನ್ನ ಕೂಸಿಗೆ ನೆಗಡಿ ಸೈತ ಎರಡ ದಿನ ಉಳಿದಿಲ್ಲ! ಓಣ್ಯಾಗಿನ ಹುಡುಗ್ರೆಲ್ಲ ಜ್ವರ ಬಂದು ಮಲಗಿದ್ರ, ಇದು ಬೇವಿನ ಗಿಡ ಹತ್ತಿ ಕುಂತಿತ್ತು. ನಿಮ್ಮ ನೀರಿಗೇ ಕಣ್ಣ ಕಾಣವಲ್ದು ನೋಡ್ರಿ!”

ಅವಳು ಹೇಳಿದ್ದು ಸರಿಯೆಂದು ನನಗೆ ಅನಿಸಿತು. ಹೊನ್ನಿಯ ವಂಶಾಕ್ಷರಗಳನ್ನು, ನೀವು ಡಿಎನ್ಎ ಎನ್ನುವುದನ್ನು, ಓದಿಸಿದೆ. ಗ್ರಾಹಕವನ್ನು ಕಟ್ಟುವ ಪಾಠ ಪೂರ್ತಿ ಇದೆ. ನಮ್ಮ ನೀರು ಅಂಟುವ ಜಾಗದಲ್ಲಿ ಮಾತ್ರ ಒಂದಕ್ಷರ ಬೇರೆ. ಕೋಶ ಇದೆ, ಗ್ರಾಹಕವೂ ಇದೆ, ನೀರಿಗೆ ಹಿಡಿತ ಸಿಕ್ಕಿಲ್ಲ ಅಷ್ಟೇ. ಸೋಮನಕಟ್ಟಿ ಒಪ್ಪಲಿಲ್ಲ. “ಆ ಒಂದಕ್ಷರಾನ ಗ್ರಾಹಕಾನ್ನ ಕೆಡಿಸಿದ್ರ ಏನ್ ಮಾಡ್ತೀರಿ ಅಕ್ಕಾರ? ಹೊಳೆಯೋದನ್ನ ತೋರಸ್ರಿ, ನಾ ಇವತ್ತ ಕೂಸಿನ್ನ ಮನಿಗೆ ಕಳಸ್ತೀನಿ” ಎಂದರು. ಕೆಟ್ಟವರಲ್ಲ, ಹಟಮಾರಿ. ಆದರೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ತೋರಿಸಬೇಕಾದರೆ ಅದೇ ಗ್ರಾಹಕದ ಇನ್ನೊಂದು ಜಾಗಕ್ಕೆ ಅಂಟುವ ನೀರು ಬೇಕು. ನಿಮ್ಮ ಕಾಲದಲ್ಲಿ ಅಂಥವು ಹಲವು ಇದ್ದವಂತೆ. ಹೆಚ್ಚು ಹೊಳೆಯುವ ಒಂದನ್ನೇ ಎಲ್ಲರೂ ಕೊಂಡರಂತೆ. ಉಳಿದವುಗಳ ಸೀಸೆಗಳನ್ನು ಜಾಗ ಸಾಲದೆಂದು ನೀವು ಒಂದೊಂದಾಗಿ ಚೆಲ್ಲುತ್ತ ಬಂದಿರಂತೆ. ನಾವಾದರೂ ಏನು ಸಾಚಾ? ಒಂದು ಕಣ್ಣು ಕಣ್ಣಲ್ಲ ಎಂದು ಗಾದೆ ಹೇಳುತ್ತಲೇ ಆ ಒಂದನ್ನೇ ನೆಚ್ಚಿ ಕೂತೆವು. ಹೊಸದನ್ನು ಬೆಳೆಸಲು ತಿಂಗಳುಗಳು ಬೇಕು.

ಕಪ್ಪತಗುಡ್ಡದ ಒಳಗೆ, ಸೀಸೆಗಳನ್ನು ಹೆಪ್ಪುಗಟ್ಟಿಸಿ ಕಾದಿಡುವ ಒಂದು ಹಿಮಕಣಜವಿದೆ. ಅದನ್ನು ಕಟ್ಟುವವರು ನೀವೇ, ಇನ್ನು ಕೆಲವು ವರ್ಷಗಳಲ್ಲಿ. ನೀವು ಮುಚ್ಚಿದ ಮೇಲೆ ಯಾರೂ ತೆರೆದಿಲ್ಲ, ಒಳಗೆ ಏನೇನಿದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ತೆರೆಯಲು ನನಗೆ ಈಗ ಅಪ್ಪಣೆ ಸಿಕ್ಕಿದೆ. ನನ್ನ ಕೋರಿಕೆ ಇಷ್ಟೇ. ಸಹಾಯಕ ಕೋಶವನ್ನು ಬೇರೆ ಜಾಗದಲ್ಲಿ ಹಿಡಿಯುವ, ಮಂಕಾಗಿ ಹೊಳೆಯುವ, ಯಾರೂ ಕೇಳದ ಆ ಎರಡನೆಯ ನೀರನ್ನು ಚೆಲ್ಲಬೇಡಿ. ಒಂದು ಸೀಸೆ ಅಲ್ಲಿಡಿ. ಹೊನ್ನಿಗೆ ಒಂದು ಹನಿ ಸಾಕು.

ನಾಳೆ ಬೆಳಗ್ಗೆ ಫಕೀರವ್ವನೂ ನಾನೂ ಗುಡ್ಡ ಹತ್ತುತ್ತೇವೆ. ಇವತ್ತು ಮಧ್ಯಾಹ್ನ ಅವಳು ಗಾಜಿಗೆ ಬಾಯಿ ಹಚ್ಚಿ ಮಗಳಿಗೆ ಹೇಳುತ್ತಿದ್ದಳು: “ಅಳಬ್ಯಾಡ ನನ್ನವ್ವ. ಹಿಂದಿನವ್ರು ನಿನಗಂತ ಏನರೆ ಇಟ್ಟಿರ್ತಾರ.”

ಆ ತಾಯಿಯ ಮಾತು ಸುಳ್ಳಾಗದಿರಲಿ.

ಗುರುಬಾಯಿ ಮುಳಗುಂದ