ಕೂಡಿಕೊಂಡ ಮೂಳೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಮಗಳ ಕತ್ತು ನಿಂತಿತಂತೆ, ನೀನೂ ಎದ್ದು ಓಡಾಡುತ್ತಿದ್ದೀಯಂತೆ. ನಿನ್ನ ಕಾಗದ ಓದಿ ಜೀವ ತಂಪಾಯಿತು. ಇನ್ನು ನಿನಗೆ ನಿಜ ಹೇಳಬಹುದು. ಕಾಲು ಉಳುಕಿದೆ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ಉಳುಕಿದ್ದಲ್ಲ ಕಣೇ, ಮುರಿದಿತ್ತು. ಬೈಯಬೇಡ. ಎರಡು ಸಲ ಕಳೆದುಕೊಂಡ ಮೇಲೆ ನಿಂತ ಬಸಿರು ನಿನ್ನದು. ಹಾಸಿಗೆ ಬಿಟ್ಟು ಏಳಬಾರದವಳಿಗೆ ಏನಂತ ಹೇಳಲಿ?

ಡಿಪೋದಲ್ಲಿ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲ ಮೇಲಿನ ಎಣ್ಣೆ ಕಾಣಲಿಲ್ಲ. ಇಷ್ಟು ವರ್ಷ ಬಸ್ ಓಡಿಸಿದವಳು ನಿಂತ ಬಸ್ಸಿನಿಂದ ಬಿದ್ದೆ ನೋಡು! ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಪ್ಲೇಟು, ಸ್ಕ್ರೂ ಹಾಕಿ ಕಳಿಸಿದರು. ತಿಂಗಳುಗಟ್ಟಲೆ ಕಾದರೂ ಎಕ್ಸ್‌ರೇಯಲ್ಲಿ ಕಪ್ಪು ಗೆರೆ ಹಾಗೇ ಇತ್ತು. ಕಾಲೂರಿದರೆ ಪ್ರಾಣ ಹೋಗುವಷ್ಟು ನೋವು. ಸಕ್ಕರೆ ಕಾಯಿಲೆ ಇರೋರಿಗೆ ಮೂಳೆ ಕೂಡೋದೇ ನಿಧಾನ, ನೀವು ಅದನ್ನ ಹಿಂಗೆ ಏರೋಕೆ ಬಿಟ್ಟರೆ ಹೆಂಗಮ್ಮಾ ಅಂತ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. ಕೊನೆಗೆ, ನನ್ನ ಸೊಂಟದ ಮೂಳೆಯಿಂದಲೇ ಒಂದಿಷ್ಟು ಚೂರು ತೆಗೆದು, ಮೂಳೆಯಂಥದೇ ವಸ್ತುವಿನ ಹರಳು ಬೆರೆಸಿ, ಕೂಡದ ಸಂದಿಗೆ ತುಂಬೋಣ ಅಂದರು. ನಾವು ಚಪ್ಪರ ಹಾಕ್ತೀವಿ, ಬಳ್ಳಿ ಹಬ್ಬಿಸಬೇಕಾದ್ದು ನಿಮ್ಮ ಮೈ, ಸಕ್ಕರೆ ಹತೋಟಿಗೆ ಬರೋವರೆಗೆ ನಾನು ಕೈ ಹಾಕಲ್ಲ ಅಂತಲೂ ಖಡಾಖಂಡಿತ ಹೇಳಿಬಿಟ್ಟರು.

ಆಗ ನಿನ್ನ ಭಾವನ ಅವತಾರ ನೋಡಬೇಕಿತ್ತು. ಕೂದಲೆಳೆಯಂಥ ಮುಳ್ಳನ್ನೂ ಗಡಿಯಾರಕ್ಕೆ ಕೂರಿಸುವ ಕೈ, ಇನ್ಸುಲಿನ್ ಸೂಜಿ ಹಿಡಿದರೆ ಗಡಗಡ. ನೀವು ನಡುಗೋದು ನಿಲ್ಲಿಸಿದ ಮೇಲೆ ಚುಚ್ಚಿ ಅಂತ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ನನಗೆ ಹೊಟ್ಟೆ ಉರಿಯಬಾರದು ಅಂತ ತಾವೂ ಸಿಹಿ ಬಿಟ್ಟರು. ಇಡೀ ಮನೆಯಲ್ಲಿ ಒಂದು ಬಿಸ್ಕತ್ತಿಲ್ಲ. ಇರುವೆಗಳೂ ಗಂಟುಮೂಟೆ ಕಟ್ಟಿದವು.

ಅಂತೂ ಸಕ್ಕರೆ ಹತೋಟಿಗೆ ಬಂತು, ಆಪರೇಷನ್ ಆಯಿತು. ಕಾಲಿಗಿಂತ ಸೊಂಟವೇ ಹೆಚ್ಚು ಕಾಡಿತು ಅಂದರೆ ನಗುತ್ತೀಯ. ಆಮೇಲೆ ಬರೀ ಕಾಯುವ ಕೆಲಸ. ಮೊನ್ನೆ ಡಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹಳೆಯದನ್ನು ಪಕ್ಕಕ್ಕಿಟ್ಟು ನೋಡಿದರು. ಆಮೇಲೆ ನಕ್ಕು, ಗೆರೆ ಎಲ್ಲಿ ಹೋಯ್ತು, ನೀವೇ ಹುಡುಕಿ ಅಂದರು. ಹುಡುಕಿದೆ, ಸಿಗಲಿಲ್ಲ! ಅಲ್ಲೆಲ್ಲ ಬೆಳ್ಳಗೆ ಮೂಳೆ ತುಂಬಿತ್ತು. ನಿನ್ನ ಭಾವ ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು. ಬಸ್ ಓಡಿಸಲು ಇನ್ನೂ ಸ್ವಲ್ಪ ಸಮಯ ಬೇಕಂತೆ. ಆಗಲಿ, ಯಾವ ಅವಸರ? ಮಗುವಿನ ಕೆನ್ನೆಗೆ ನನ್ನ ಮುತ್ತು.

ಇಂತಿ, ನಿನಗೆ ಸುಳ್ಳು ಹೇಳಿದ
ಅಕ್ಕ

ಇನ್ನೊಂದು ಮಾತು: ಮೇಲೆ ಬರೆಯಲು ಕೈ ಬರಲಿಲ್ಲ. ಗಾಯಕ್ಕೆ ಕೀವು ಹತ್ತಿದರೆ ಕಾಲನ್ನೇ ತೆಗೆಯಬೇಕಾದೀತು ಅಂತ ಡಾಕ್ಟರಮ್ಮ ಆಪರೇಷನ್ನಿಗೆ ಮೊದಲೇ ಹೇಳಿದ್ದರು. ನಿನ್ನ ಭಾವನಿಗೂ ನಾನು ತಿಳಿಸಿರಲಿಲ್ಲ. ಈಗ ನೀನು ಅಳಬೇಡ. ಈ ಕಾಗದವನ್ನು ಅಡುಗೆಕಟ್ಟೆಯ ಮೇಲಿಟ್ಟು, ಎರಡೂ ಕಾಲ ಮೇಲೆ ನಿಂತೇ ಬರೆದು ಮುಗಿಸಿದೆ.