ಗೆಲಾಕ್ಸಿ ಬೆಳೆಯುತ್ತಿದ್ದ ಕಂಪ್ಯೂಟರನ್ನು ಒಯ್ದವರಿಗೆ

ಮಾನ್ಯರೇ,

ಹೋದ ವರ್ಷದ ಜನವರಿಯಲ್ಲಿ ನಿಮ್ಮ ತಾಲ್ಲೂಕು ಕಚೇರಿಯ ಜೀಪು ನಮ್ಮ ಕಾಲೇಜಿಗೆ ಬಂದು, ಭೌತಶಾಸ್ತ್ರ ವಿಭಾಗದ ಒಂದೇ ಒಂದು ಕಂಪ್ಯೂಟರನ್ನು ಚುನಾವಣೆ ಕೆಲಸಕ್ಕೆಂದು ಒಯ್ದಿತು. ಅದರೊಳಗೆ ನನ್ನ ಎಂಟು ತಿಂಗಳ ಸಂಶೋಧನೆಯಿತ್ತು. ಏಪ್ರಿಲಿನಲ್ಲಿ ಕಂಪ್ಯೂಟರು ವಾಪಸು ಬಂತು, ಸಂಶೋಧನೆ ಬರಲಿಲ್ಲ. ನಾಲ್ಕು ಅರ್ಜಿ ಬರೆದೆ, ನಾಲ್ಕಕ್ಕೂ ಉತ್ತರವಿಲ್ಲ. ಅರ್ಜಿ ಓದುವ ಪುರುಸೊತ್ತು ತಮಗಿಲ್ಲದ್ದರಿಂದ ಐದನೆಯದನ್ನು ಊರವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಅದರಲ್ಲಿ ಅಂಥದ್ದೇನಿತ್ತು ಎಂದು ತಾವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಅದರಲ್ಲಿ ಒಂದು ಗೆಲಾಕ್ಸಿ ಹುಟ್ಟಿ ಬೆಳೆಯುತ್ತಿತ್ತು. ನಾಲ್ಕು ಸಾವಿರ ಚುಕ್ಕಿಗಳನ್ನು ಅನಿಲವೆಂದುಕೊಂಡು, ಒಂದನ್ನೊಂದು ಎಳೆಯಲು ಬಿಟ್ಟರೆ ಅನಿಲ ತಣಿದು, ನಡುವಿಗೆ ಕುಸಿದು, ನಕ್ಷತ್ರಗಳಾಗುತ್ತದೆ. ತೊಂದರೆ ಏನೆಂದರೆ ಲೆಕ್ಕದ ಗೆಲಾಕ್ಸಿ ನಿಲ್ಲಿಸುವುದೇ ಇಲ್ಲ, ನಿಜವಾದ ಆಕಾಶದಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ನಕ್ಷತ್ರಗಳನ್ನು ಹೆರುತ್ತದೆ. ದೊಡ್ಡ ದೇಶಗಳ ದೊಡ್ಡ ಯಂತ್ರಗಳಿಗೂ ಇದೇ ಪಾಡು. ನನ್ನ ಗುರುಗಳು ಸುಶಮೀಂದ್ರ ಅವರು ಹೇಳಿದ್ದು ಇಷ್ಟು: ನಡುವೆ ಕೋಟಿ ಸೂರ್ಯರ ತೂಕದ ಒಂದು ಕಪ್ಪುಕುಳಿ ಇಡು. ಅದರೊಳಗೆ ಬೀಳುವ ಅನಿಲ, ಬೀಳುವ ಮುನ್ನ ಕಾದು ಉರಿಯುತ್ತದೆ. ಆ ಕಾವು ಉಳಿದ ಅನಿಲವನ್ನು ಆಚೆ ತಳ್ಳುತ್ತದೆ. ಆಗ ಹೆರಿಗೆ ನಿಲ್ಲುತ್ತದೆ.

ಹೇಳುವುದು ಸುಲಭ. ಗೆಲಾಕ್ಸಿಯ ಮುಂದೆ ಕಪ್ಪುಕುಳಿಯೆಂದರೆ ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಬಿದ್ದ ಒಂದು ಎಳ್ಳಿಗಿಂತಲೂ ಚಿಕ್ಕದು. ನಮ್ಮ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಆದ್ದರಿಂದ ಅದು ಎಷ್ಟು ನುಂಗಬೇಕು, ನುಂಗಿದ್ದಕ್ಕೆ ಎಷ್ಟು ಕಾವು ಹಿಂದಿರುಗಿಸಬೇಕು ಎಂಬ ನಿಯಮವನ್ನು ನಾವೇ ಬರೆದುಕೊಡಬೇಕು. ಕಾವು ಕೊಂಚ ಹೆಚ್ಚಾದರೆ ಗೆಲಾಕ್ಸಿ ಚೆಲ್ಲಾಪಿಲ್ಲಿ. ಕಡಿಮೆಯಾದರೆ ಏನೂ ಆಗದು. ಆ ನಿಯಮವನ್ನು ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು. ಡಿಸೆಂಬರಿನ ಕೊನೆಗೆ ನಕ್ಷತ್ರಗಳ ಹುಟ್ಟು ನಿಧಾನವಾಗತೊಡಗಿತು. ಇನ್ನು ಹದಿನೈದು ದಿನ ಓಡಿದ್ದರೆ ಸಾಕಿತ್ತು.

ಗುರುಗಳು ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿದ್ದಾರೆ. ಈ ಲೆಕ್ಕವನ್ನು ಇಪ್ಪತ್ತು ವರ್ಷ ಕಾಗದದ ಮೇಲೆ ಮಾಡಿದವರು. ಅವರ ಕಣ್ಣಿನ ನರ ಸೋಲುತ್ತಿತ್ತು. ಯುಗಾದಿಯವರೆಗೆ ದೃಷ್ಟಿ ಉಳಿದರೆ ಹೆಚ್ಚು ಎಂದು ವೈದ್ಯರು ಹೇಳಿದ್ದರು. "ಫೆಬ್ರವರಿಯಲ್ಲಿ ಚಿತ್ರ ಅಚ್ಚು ಹಾಕಿಸಿ ತರ್ತೀನಿ ಸರ್" ಎಂದಿದ್ದೆ. "ದೊಡ್ಡದಾಗಿ ಹಾಕಿಸಮ್ಮ, ಅಂಚು ಕಾಣಬೇಕು" ಎಂದಿದ್ದರು.

ಜೀಪು ಬಂದ ದಿನ ನಾನು ಮೌಲ್ಯಮಾಪನಕ್ಕೆಂದು ಮೈಸೂರಿನಲ್ಲಿದ್ದೆ. ವಿಭಾಗದಲ್ಲಿದ್ದವರು ಅಟೆಂಡರ್ ಕರಿಯಪ್ಪನವರು ಮಾತ್ರ. ನಿಮ್ಮವರು ನೇರವಾಗಿ ಪ್ಲಗ್ಗಿಗೆ ಕೈಹಾಕಿದಾಗ ಅಡ್ಡ ನಿಂತರಂತೆ.

"ಆರಿಸ್ಬ್ಯಾಡಿ ಸ್ವಾಮಿ, ಮೇಡಮ್ಮೋರು ಅದ್ರೊಳ್ಗೆ ನಕ್ಸತ್ರ ಬುಟ್ಟವ್ರೆ. ಅವು ಓಡ್ತಾ ಅವೆ."

"ನಕ್ಸತ್ರ ಆಕಾಸದಲ್ಲಿ ಇರ್ತವೆ ಕಣಯ್ಯ, ಪೆಟ್ಟಿಗೇಲಲ್ಲ. ಸೈಡಿಗೆ ಬಾ."

"ಒಂದ್ ಫೋನಾದ್ರೂ ಮಾಡ್ಬುಟ್ಟು ಕೇಳ್ರಪ್ಪಾ."

ಫೋನು ಮಾಡಲಿಲ್ಲ. ಮೇಜಿನ ಡ್ರಾಯರಿನಲ್ಲಿದ್ದ ಹನ್ನೊಂದು ಫ್ಲಾಪಿಗಳನ್ನೂ ಒಯ್ದರು. ನನ್ನ ಲೆಕ್ಕದ ನಕಲುಗಳಿದ್ದದ್ದು ಅವುಗಳಲ್ಲೇ. ಮೂರು ತಿಂಗಳಾದ ಮೇಲೆ ಎಲ್ಲವೂ ಬಂದವು, ಮತದಾರರ ಹೆಸರು ತುಂಬಿಸಿಕೊಂಡು. ಒಂದು ಫ್ಲಾಪಿಯಲ್ಲಿ ನಮ್ಮೂರು ದೇವಲಾಪುರದ ಪಟ್ಟಿಯೇ ಇತ್ತು. ಅದರಲ್ಲಿ ನನ್ನ ತಾಯಿ ಬೈರಮ್ಮ, 'ಬೈರಪ್ಪ, ಗಂಡು' ಆಗಿದ್ದರು. ಡೈರಿಗೆ ಹಾಲು ಹಾಕಿ ನನ್ನನ್ನು ಎಂ.ಎಸ್ಸಿ. ಓದಿಸಿದ ಹೆಂಗಸನ್ನು ಗಂಡಸು ಮಾಡುವುದಕ್ಕೆ ಒಂದು ಗೆಲಾಕ್ಸಿಯನ್ನೇ ಅಳಿಸಬೇಕಾಯಿತೇ, ಮಾನ್ಯರೇ? ನಿಮ್ಮ ಕಚೇರಿಗೆ ಬಂದು ಕೇಳಿದ್ದಕ್ಕೆ ಗುಮಾಸ್ತರು ಹೇಳಿದ್ದು: "ಮ್ಯಾಲಿನೋರು ಅಳ್ಸಿ ಅಂದ್ರು, ಅಳ್ಸುದ್ವಿ. ನಾವೇನ್ ಮಾಡಾಣ ಮೇಡಂ?" ಅವರನ್ನೂ ಬೈಯಲಾಗಲಿಲ್ಲ. ಅವರ ಮುಖವೂ ನನ್ನ ಮುಖದಂತೆಯೇ ಇತ್ತು.

ನಿಮ್ಮ ಕಚೇರಿಯೇ ದೊಡ್ಡ ಕಪ್ಪುಕುಳಿ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ನಗೆಯಾಡಿದರು. ನನಗೆ ನಗು ಬರಲಿಲ್ಲ. ಗುರುಗಳಿಗೆ ಏನು ಹೇಳಲಿ ಎಂಬ ಒಂದೇ ಚಿಂತೆ.

ಮೇ ತಿಂಗಳ ಒಂದು ಭಾನುವಾರ ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ. ಅವರು ಜಗುಲಿಯಲ್ಲಿ ಕೂತಿದ್ದರು. ನನ್ನ ದನಿ ಕೇಳಿ ಕೈ ಚಾಚಿದರು, ಚಿತ್ರಕ್ಕಾಗಿ. ಆ ಹೊತ್ತಿಗೆ ಅವರಿಗೆ ಬಾಗಿಲಿನ ಬೆಳಕೊಂದು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. ಆದದ್ದನ್ನು ಹೇಳಿದೆ. ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ನಿಯಮ ನೆನಪಿದೆಯೇನಮ್ಮ?"

"ಅರ್ಧ ಇದೆ ಸರ್."

"ಮೊದಲಿಂದ ಶುರುಮಾಡು. ಈ ಸಲ ಅಂಕಿ ಓದಿಹೇಳು, ನಾನು ಮನಸ್ಸಲ್ಲೇ ಚಿತ್ರ ಬರ್ಕೋತೀನಿ."

ಶುರುಮಾಡಿದೆ. ಕಳೆದುಹೋದ ಅರ್ಧವನ್ನು ಮತ್ತೆ ಹುಡುಕುವುದಕ್ಕೆ ಒಂದು ವರ್ಷ ಬೇಕಾಯಿತು. ಈಗ ಗೆಲಾಕ್ಸಿ ಮತ್ತೆ ಓಡುತ್ತಿದೆ. ಭಾನುವಾರಕ್ಕೊಮ್ಮೆ ಹೋಗಿ ಅಂಕಿ ಓದುತ್ತೇನೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಒಮ್ಮೊಮ್ಮೆ "ಇಲ್ಲಿ ಕಾವು ಜಾಸ್ತಿಯಾಯ್ತು" ಎನ್ನುತ್ತಾರೆ, ಅದು ಸರಿಯಾಗಿಯೇ ಇರುತ್ತದೆ. ಇತ್ತೀಚೆಗೆ ಅವರಿಗೆ ಉಸಿರಾಟವೂ ಕಷ್ಟವಾಗಿದೆ. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರ ಬಿತ್ತು. ಮತ್ತೆ ಚುನಾವಣೆಯಂತೆ. ಒಂದು ಮತದಿಂದ ಸರ್ಕಾರ ಬಿದ್ದರೆ ಕೆ.ಆರ್.ಪೇಟೆಯಲ್ಲಿ ನನ್ನ ಎದೆ ಬಡಿದುಕೊಳ್ಳುವುದೇಕೆ ಎಂದು ಯಾರಿಗೆ ವಿವರಿಸಲಿ?

ಹಳೆಯದು ಬರುವುದಿಲ್ಲವೆಂದು ಗೊತ್ತು, ಕೇಳುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಲೆಕ್ಕ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯವರೆಗೆ, ಆ ಕಂಪ್ಯೂಟರನ್ನು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಎರಡು ದಿನ ಮುಂಚೆ ತಿಳಿಸಿ. ನಕಲು ಮಾಡಿಕೊಂಡು ನಾನೇ ಆರಿಸಿಕೊಡುತ್ತೇನೆ. ತಡೆಯುತ್ತೇನೆಂದು ಹೇಳುತ್ತಿಲ್ಲ. ತಡೆಯುವುದು ನನ್ನಿಂದ ಆಗದೆಂದು ನಿಮಗೂ ಗೊತ್ತು.

ಇಂತಿ,
ಆದೇಶ ಬಂದರೆ ಬಾಗಿಲು ತೆರೆದುಕೊಡಲೇಬೇಕಾದ
ಡಿ.ಎಚ್. ಸುನಿತಾ
ಭೌತಶಾಸ್ತ್ರ ಉಪನ್ಯಾಸಕಿ, ಕೆ.ಆರ್.ಪೇಟೆ
ಜೂನ್ ೧೯೯೯