ರೆಕ್ಕೆ ಬಿಚ್ಚಿದ ಶನಿವಾರ

ಅಕ್ಟೋಬರ್ 4, ಶನಿವಾರ

ಈ ಕಥೆಯನ್ನು ಮೊದಲು ಹೇಳಿದವನು ನಮ್ಮ ಹಿರಿಯ ಫಿಟ್ಟರ್ ಓಬಳಪ್ಪ. 1979ರ ಬೇಸಿಗೆ, ವಿಮಾನ ಕಾರ್ಖಾನೆಯ ಕ್ಯಾಂಟೀನು. ನಾನಾಗ ಹೊಸ ಫಿಟ್ಟರ್, ಮಾಗಡಿ ಕಡೆಯ ಹಳ್ಳಿ ಬಿಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಇವತ್ತು ಚಾಮರಾಜಪೇಟೆಯ ನಮ್ಮ ಶೆಡ್ಡಿನಲ್ಲಿ, ಹತ್ತೂವರೆಯ ಕಾಫಿಗೆ, ನಾನು ಹೇಳಿದೆ.

ಒಬ್ಬ ಫಿಟ್ಟರ್ ಇದ್ದನಂತೆ. ರೆಕ್ಕೆ ಮುಚ್ಚಿ ಕಳಿಸಿದ ಮೇಲೆ ನೋಡಿದರೆ ಡಬ್ಬಿಯಲ್ಲಿ ಒಂದು ಸ್ಕ್ರೂಡ್ರೈವರ್ ಇಲ್ಲ. ಯಾರಿಗೂ ಹೇಳಲಿಲ್ಲ. ಆಮೇಲೆ ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಎತ್ತಿದ ತುತ್ತು ಬಾಯಿಗೆ ಹೋಗದು. ಸದ್ದು ಕರಗುವವರೆಗೆ ಕೈ ಹಾಗೇ. ಹೆಂಡತಿ ಕೇಳಿದರೆ, ಬಿಸಿ ಇದೆ ಎನ್ನುವನು. ಹನ್ನೆರಡು ವರ್ಷ ಅನ್ನ ಬಿಸಿಯಾಗಿಯೇ ಇತ್ತು...

"ಆಮೇಲೆ?" ಎಂದಳು ವಿಶಾಖಾ. ಖಜಾನೆ ಕಚೇರಿಯ ಕೆಲಸ. ಶನಿವಾರ ನಮ್ಮ ಜೊತೆ ಹಳೆಯ ಬಣ್ಣ ಕೆರೆಯುತ್ತಾಳೆ.

"ಆಮೇಲೆ ಏನೂ ಇಲ್ಲಮ್ಮ. ವಿಮಾನ ಬೀಳ್ಲಿಲ್ಲ. ಅವನಿಗೆ ಊಟ ಸೇರ್ಲಿಲ್ಲ."

"ರೀ ಮುನಿರಾಮಪ್ಪ, ಕಥೇಲಿ ಕಾಫಿ ಆರೋಯ್ತು" ಎಂದರು ನಾಗಭೂಷಣ್. ಕಾರ್ಖಾನೆಯಲ್ಲಿ ತಪಾಸಣೆಯ ಮೇಲಿದ್ದವರು, ಈಗ ನಮ್ಮ ಗುಂಪಿನ ಹಿರಿಯರು. "ರೆಕ್ಕೆ ಮುಚ್ಚೋಣ್ವಾ? ಒಳಗೆ ನೋಡಿದ್ರಾ?"

"ಹೋದ ಶನಿವಾರಾನೇ ನೋಡಿದೆ, ಕನ್ನಡಿ ಹಾಕಿ."

"ಡಬ್ಬಿ ಎಣಿಸಿದ್ರಾ?"

"ಎಣಿಸಿದೆ."

ಹೊಲಿಗೆ ಶುರು. ನಮ್ಮದು ಹಳೆಯ ಟೈಗರ್ ಮಾತ್, ವಾಯುಪಡೆಯ ಹುಡುಗರು ಹಾರಲು ಕಲಿತ ವಿಮಾನ. ಮ್ಯೂಸಿಯಮ್ಮಿನಲ್ಲಿ ಇಡಲೆಂದು ಸರಿಮಾಡುತ್ತಿದ್ದೇವೆ. ರೆಕ್ಕೆಗೆ ಮರದ ಪಕ್ಕೆಲುಬು, ಮೇಲೆ ಲಿನನ್ ಬಟ್ಟೆ. ಹೊಲಿಯುವವರು ದಾಕ್ಷಾಯಣಮ್ಮ. ಶಂಕರಪುರಂನಲ್ಲಿ ನಲವತ್ತು ವರ್ಷ ರವಿಕೆ ಹೊಲಿದವರು.

ಬುಧವಾರದ ಆಯುಧಪೂಜೆಗೆಂದು ಮನೆಗೆ ಒಯ್ದಿದ್ದ ಡಬ್ಬಿ ಶೆಡ್ಡಿಗೆ ವಾಪಸ್ ತಂದೆ. ಹಿಡಿಗಳಲ್ಲಿ ಇನ್ನೂ ಕುಂಕುಮ. ಒಳ್ಳೆಯ ದಿನ.

ಅಕ್ಟೋಬರ್ 11

ನಾಲ್ಕು ಪಕ್ಕೆಲುಬು ಮುಗಿದವು. ದಾಕ್ಷಾಯಣಮ್ಮನದು ಹೊಲಿಗೆಗೊಂದು ಗಂಟು, ಗಂಟಿಗೊಂದು ಬೈಗುಳ. "ರವಿಕೆ ಹೊಲಿಸ್ಕೊಳೋರು ಅಳತೆ ಕೊಡುವಾಗ ಉಸಿರಾದ್ರೂ ಎಳ್ಕೋತಾರೆ. ಇದಕ್ಕೆ ಅದೂ ಗೊತ್ತಿಲ್ಲ!"

ಅಕ್ಟೋಬರ್ 18, ಸಂಜೆ

ಹೊಲಿಗೆ ಮುಗಿಯಿತು. ಬರುವ ಶನಿವಾರ ಡೋಪ್ ಬಳಿಯುವುದು. ಆ ಅಂಟು ಒಣಗಿದರೆ ಬಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ. ಆಮೇಲೆ ಬಿಚ್ಚುವ ಮಾತಿಲ್ಲ. ನವೆಂಬರ್ ಕೊನೆಗೆ ಮ್ಯೂಸಿಯಮ್ಮಿನ ಲಾರಿ.

ಡಬ್ಬಿ ಮನೆಗೆ ತಂದು ಒರೆಸಿದೆ. ಕನ್ನಡಿ ಇಲ್ಲ.

ರೂಪಾಯಿ ಅಗಲದ ಗುಂಡು ಕನ್ನಡಿ, ಉದ್ದ ಹಿಡಿ. ಕಣ್ಣು ಹೋಗದ ಮೂಲೆ ನೋಡುವುದಕ್ಕೆ. ಓಬಳಪ್ಪ ರಿಟೈರ್ ಆದ ದಿನ ನನ್ನ ಕೈಗಿಟ್ಟದ್ದು. ಕೊನೆಗೆ ಬಳಸಿದ್ದು ಆ ರೆಕ್ಕೆಯೊಳಗೆ, ಐದನೇ ಪಕ್ಕೆಲುಬಿನ ಹತ್ತಿರ.

ಮನೆಯೆಲ್ಲ ಹುಡುಕಿದೆ. ಏನು ಹುಡುಕ್ತಿದೀರಿ ಎಂದಳು ಅಂಜಿನಮ್ಮ. ಹೆಂಡತಿಗೂ ಹೇಳಲು ನಾಚಿಕೆ. ಪೆನ್ಸಿಲ್ ಎಂದೆ. "ಕಿವಿ ಮೇಲಿದೆ" ಎಂದಳು.

ಎಣಿಸಿದೆ ಎಂದಿದ್ದೆ. ಎಣಿಸಿರಲಿಲ್ಲ. ಓಬಳಪ್ಪನ ಕಥೆ ಕೇಳಿದ ಮರುದಿನ ನಾವೆಲ್ಲ ಸೈರನ್ನಿಗೆ ಮೊದಲೇ ಹೋಗಿ ಡಬ್ಬಿ ಸುರಿದು ಎಣಿಸಿದ್ದೆವು. ಈಗ ಕಥೆ ಹೇಳಿದವನೇ...

ಅಕ್ಟೋಬರ್ 22

ದೀಪಾವಳಿ ಹಬ್ಬ. ಒಬ್ಬಟ್ಟು. ಊಟಕ್ಕೆ ಕೂತಾಗ ಮೇಲೊಂದು ಹೆಲಿಕಾಪ್ಟರ್. ಕೈ ನಿಂತಿತು. ಅಂಜಿನಮ್ಮ ನೋಡಿದಳು.

ಬಿಸಿ, ಎಂದೆ.

ಅಕ್ಟೋಬರ್ 25, ಶನಿವಾರ, ಮಧ್ಯಾಹ್ನ 2

ನಾಗಭೂಷಣ್ ಡೋಪಿನ ಡಬ್ಬಿಯ ಮುಚ್ಚಳ ಮೀಟುತ್ತಿದ್ದರು. ತಡೀರಿ ಎಂದೆ. ಹೇಳಿಬಿಟ್ಟೆ.

"ಎಣಿಸಿದೆ ಅಂದ್ರಲ್ರೀ?"

"ಅಂದೆ. ಎಣಿಸಿರ್ಲಿಲ್ಲ."

ವಿಶಾಖಾ ನನ್ನ ಪರ. "ಸರ್, ಇದು ಹಾರೋದೇ ಇಲ್ವಲ್ಲ. ಒಳಗಿದ್ರೆ ಇರ್ಲಿ ಬಿಡಿ."

"ಹಾರೋದಕ್ಕೆ ಅಂತಾನೇ ಮಾಡ್ತಿರೋದು ನಾವು" ಎಂದರು ನಾಗಭೂಷಣ್. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಹೊಲಿಗೆ ದಾಕ್ಷಾಯಣಮ್ಮನವರದು. ಮೂರು ಶನಿವಾರದ್ದು. ಅವರು ಹೇಳ್ಲಿ."

ಆಕೆಯ ಕೈಯಲ್ಲಿ ಆಗಲೇ ಕತ್ತರಿ. "ಎಲ್ಲಿ?"

"ಐದನೇ ಪಕ್ಕೆಲುಬಿನ ಹತ್ರ."

"ಎರಡನೇದ್ರಿಂದ ಬಿಚ್ಕೊಂಡ್ ಬರ್ತೀನಿ."

"ಐದು ಅಂದ್ನಲ್ಲ ತಾಯಿ..."

"ಹೊಲಿದೋಳು ನಾನಾ, ನೀವಾ?"

ಬಿಚ್ಚಿದರು. ಟಾರ್ಚ್ ಬಿಟ್ಟೆವು, ತಟ್ಟಿದೆವು, ಕೈ ಹಾಕಿ ತಡವಿದೆವು. ಕನ್ನಡಿ ಎಲ್ಲೂ ಇಲ್ಲ. ಎರಡನೇ ಪಕ್ಕೆಲುಬಿನ ಸಂದಿಯಲ್ಲಿ ಮಾತ್ರ ಏನೋ ಮಿನುಗಿತು. ದಾಕ್ಷಾಯಣಮ್ಮ ಎತ್ತಿಕೊಂಡು ಮುಷ್ಟಿ ಮುಚ್ಚಿದರು. ಆಮೇಲೆ ತೆರೆದರು. ಬಾಗಿದ ಸೂಜಿ.

"ನಂದೇ. ಮೊದಲ್ನೇ ದಿನದ್ದು. ಮನೇಲಿ ಸೋಫಾ ಎಲ್ಲಾ ಕಿತ್ತು ಹುಡುಕಿದೀನಿ. ಇಲ್ಲೇ ಇರ್ಬೋದು ಅಂತ ಅನುಮಾನ ಇತ್ತು... ಬಿಚ್ಚಿ ಅನ್ನೋಕೆ ಬಾಯಿ ಬರ್ಲಿಲ್ಲ."

ಮೊದಲು ನಕ್ಕವಳು ವಿಶಾಖಾ. "ನಿಮಗೂ ಅನ್ನ ಬಿಸಿ ಇತ್ತಾ ಆಂಟಿ?"

"ನಾನು ಮೂರು ಹೊತ್ತೂ ತಿಂದೆ. ರುಚಿ ಗೊತ್ತಾಗ್ಲಿಲ್ಲ ಅಷ್ಟೆ."

ನಾಳೆ ಭಾನುವಾರವಾದರೂ ಒಂಬತ್ತಕ್ಕೆ ಬಂದು ಮತ್ತೆ ಹೊಲಿಯುವುದೆಂದು ಆಯಿತು.

ಅದೇ ದಿನ, ಸಂಜೆ 6

ಅಂಜಿನಮ್ಮನಿಗೆ ಎಲ್ಲ ಹೇಳಿದೆ. ಆಕೆ ಸ್ಟೂಲು ಹತ್ತಿ ಅಟ್ಟದಿಂದ ದಸರಾ ಗೊಂಬೆಗಳ ಪೆಟ್ಟಿಗೆ ಇಳಿಸಿದಳು. ರಾಜ, ರಾಣಿ. ನಡುವೆ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿದ ನನ್ನ ಕನ್ನಡಿ!

"ದೇವಿ ಮುಂದೆ ಕನ್ನಡಿ ಇಡ್ಬೇಕಲ್ವಾ? ಮನೇದು ಒಡೆದಿತ್ತು. ಪೂಜೆಗೆ ಅಂತ ಡಬ್ಬಿ ತಂದಿದ್ರಲ್ಲ, ಅದ್ರಿಂದ ತಗೊಂಡೆ. ಗೊಂಬೆ ಜೊತೆ ಒಳಗೆ ಹೋಗಿದೆ. ಪೆನ್ಸಿಲ್ ಅಂದೋರು ನೀವು."

ನಾಲ್ಕು ದಿನ ದೇವಿಯ ಮುಖ ನೋಡಿದ ಕನ್ನಡಿ. ಆರತಿ ಎತ್ತಿದವನು ನಾನೇ, ಹೂವಿನ ನಡುವೆ ಕಾಣಲಿಲ್ಲ.

ಈಗ ನಾಳೆ ಇದನ್ನೂ ಹೇಳಬೇಕು. ಸುಮ್ಮನಿದ್ದರೂ ನಡೆಯುತ್ತದೆ... ಅಂಜಿನಮ್ಮ ಎರಡನೇ ಒಬ್ಬಟ್ಟು ಹಾಕಿದಳು. ಉಳಿದದ್ದು, ಹಬ್ಬದ್ದು. ತಣ್ಣಗಿತ್ತು. ಪೂರ್ತಿ ತಿಂದೆ.

ಅಕ್ಟೋಬರ್ 26, ಭಾನುವಾರ, ಬೆಳಿಗ್ಗೆ 8, ಶೆಡ್ಡು

ನಾನೇ ಮೊದಲು ಎಂದುಕೊಂಡು ಬಂದೆ. ಮೂವರೂ ಇದ್ದಾರೆ. ಬೇಗ ಬರುವುದಾಗಿ ಯಾರೂ ಯಾರಿಗೂ ಹೇಳಿರಲಿಲ್ಲವಂತೆ. ನೆಲದ ಮೇಲೆ ಹಳೆಯ ಜಮಖಾನೆ, ಅದರ ಮೇಲೆ ಮೂವರ ಡಬ್ಬಿಯೂ ಬೋರಲು. ವಿಶಾಖಾ ತನ್ನ ಉಜ್ಜುಕಾಗದದ ಚೂರುಗಳನ್ನೂ ಎಣಿಸುತ್ತಿದ್ದಾಳೆ. ದಾಕ್ಷಾಯಣಮ್ಮ ಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟಿದ್ದಾರೆ, ಬಾಗಿದ್ದು ಮೊದಲು.

"ಬರೆಯೋದು ಸಾಕು, ನಿಮ್ಮ ಡಬ್ಬಿ ಸುರೀರಿ" ಎನ್ನುತ್ತಿದ್ದಾರೆ ನಾಗಭೂಷಣ್. "ನಿಮ್ದು ಇಪ್ಪತ್ಮೂರು ಸಾಮಾನಿಗೆ ಒಂದು ಕಡಿಮೆ ಅಂತ ಬರ್ಕೋತೀನಿ."

ಕನ್ನಡಿ ಅಂಗಿಯ ಜೇಬಿನಲ್ಲಿದೆ. ಕುಂಕುಮ ಒರೆಸಿಲ್ಲ. ಬರ್ಕೋಬೇಡಿ ತಡೀರಿ ಎಂದೆ, ಮೂವರೂ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದಾರೆ. ಪೆನ್ಸಿಲ್ ಕಿವಿಗೆ, ಕೈ ಜೇಬಿಗೆ.